ಕಳೆದು ಉಳಿದದ್ದು

ಪಂಪ್‌ವೆಲ್‌ನ ಫ್ಲೈಓವರಿನ ಕೆಳಗೆ ಬಸ್ಸಿಳಿದಾಗ ಲೆಸ್ಟರ್ ರೇಗೊನಿಗೆ ಕೇಕಿನ ಅಂಗಡಿ ಎದುರಿಗೇ ಕಾಣುತ್ತಿತ್ತು. ಅದೇ ತೊಂದರೆಯಾಯಿತು. ಕಾಣದಿದ್ದರೆ ಹುಡುಕುವ ನೆವದಲ್ಲಿ ಇನ್ನಷ್ಟು ಹೊತ್ತು ಅಲೆಯಬಹುದಿತ್ತು. ಹೆಂಡತಿ ಡ್ಯಾಫ್ನಿ ಬೆಳಿಗ್ಗೆ ಕುಲಶೇಖರದ ಬಸ್‌ಸ್ಟಾಪಿನ ತನಕ ಜೊತೆಗೆ ಬಂದು, ಬಸ್ಸು ಹೊರಟ ಮೇಲೂ ಕಿಟಕಿಯ ಬದಿಯಲ್ಲಿ ನಾಲ್ಕು ಹೆಜ್ಜೆ ನಡೆಯುತ್ತ ಹೇಳಿದ್ದಳು: ಕೇಕು ವೆನಿಲ್ಲಾದ್ದು, ಮೇಲೆ ‘ಥ್ಯಾಂಕ್ ಯೂ ಜೀಸಸ್’ ಅಂತ ನೀಲಿ ಬಣ್ಣದಲ್ಲಿ, ಕೆಂಪು ಬೇಡವೇ ಬೇಡ, ಕೆಂಪು ಎಲ್ಲರ ಹಲ್ಲಿಗೆ ಹಿಡಿಯುತ್ತದೆ. ಆದಿತ್ಯವಾರ ಇಗರ್ಜಿಯಲ್ಲಿ ಅವನ ಹೆಸರಿನಲ್ಲಿ ಕೃತಜ್ಞತೆಯ ಪೂಜೆ, ನಂತರ ಅಂಗಳದಲ್ಲಿ ಶಾಮಿಯಾನ ಹಾಕಿ ಇಗರ್ಜಿಯ ತಮ್ಮ ವಾರ್ಡಿನ ನೆರೆಕರೆಯವರಿಗೆಲ್ಲ ಊಟ. ಕೃತಜ್ಞತೆ ಏತಕ್ಕೆಂದರೆ, ಲೆಸ್ಟರನ ಮಾತು ಅವನ ತಲೆಯ ಬಲಗಡೆ ಇದೆ ಎಂದು ಆಸ್ಪತ್ರೆಯ ಮಶೀನು ಚಿತ್ರ ತೆಗೆದು ತೋರಿಸಿದ್ದಕ್ಕೆ. ಗಡ್ಡೆ ಬೆಳೆದದ್ದು ಎಡಗಡೆ. ಹೆಚ್ಚಿನವರಿಗೆ ಮಾತು ಇರುವುದೂ ಎಡಗಡೆಯೇ ಅಂತೆ. ಅವನಿಗೂ ಹಾಗೆ ಇದ್ದಿದ್ದರೆ ಗಡ್ಡೆಯ ಬೆನ್ನಿಗೆ ಮಾತೂ ಹೊರಟುಹೋಗುವ ಹೆದರಿಕೆ ಇತ್ತು. ಈಗ ಆ ಹೆದರಿಕೆ ಇಲ್ಲ. ನಿದ್ದೆ ಬರಿಸಿ, ಕೈಬಿಚ್ಚಿ ಕತ್ತರಿಸಬಹುದು ಎಂದು ಸರ್ಜನ್ ಹೇಳಿ ಮುಂದಿನ ಬುಧವಾರಕ್ಕೆ ಆಪರೇಶನ್ ಇಟ್ಟಿದ್ದರು. ಇಷ್ಟು ವಾರ್ಡಿಗೆಲ್ಲ ಗೊತ್ತಿತ್ತು. ವಾರ್ಡಿಗೆ ಗೊತ್ತಿಲ್ಲದೆ ಲೆಸ್ಟರನೊಬ್ಬನಿಗೇ ಗೊತ್ತಿದ್ದದ್ದೂ ಒಂದಿತ್ತು: ಮಶೀನು ಸುಳ್ಳು ಹೇಳಿರಲಿಲ್ಲ, ಅವನು ಮಶೀನಿಗೆ ಸುಳ್ಳು ಹೇಳಿದ್ದ.

“ಓ ಬಲಗಡೆಯವ!” ಎಂದು ಯಾರೋ ಕೂಗಿದರು. ತಿರುಗಿ ನೋಡಿದರೆ ನೆರೆಮನೆಯ ವಿಲ್ಲಿ, ಕೈಯಲ್ಲಿ ಮೀನಿನ ಚೀಲ ಹಿಡಿದು, ರಸ್ತೆ ದಾಟುವುದನ್ನು ಅರ್ಧಕ್ಕೇ ಬಿಟ್ಟು ಇವನ ಕಡೆಗೆ ಬರುತ್ತಿದ್ದರು. “ಎಂತ ಮಾರಾಯಾ, ದೇವರು ನಿನ್ನ ಮಾತಿಗೆ ಮೊದ್ಲೇ ಬೇರೆ ರೂಮು ಮಾಡಿ ಇಟ್ಟಿದ್ದಾನಲ್ಲ! ನಮಗೆಲ್ಲ ಒಂದೇ ರೂಮು, ಅದೂ ಸೋರ್ತದೆ.”

“ಹಾಗೇನಿಲ್ಲ, ವಿಲ್ಲಿಬಾಬ್.”

“ಇಲ್ಲ ಅಂದ್ರೆ ಎಂತ? ಡ್ಯಾಫ್ನಿ ಫೋಟೋ ಕಳಿಸಿದ್ದಾಳೆ ಗ್ರೂಪಿಗೆ. ನಿನ್ನ ತಲೆಯ ಒಳಗೆ ನೋಡಿ ಆಯ್ತು ನಾವು. ಖಾಲಿ ಇಲ್ಲ ಅಂತ ಈಗ ನಂಬಿಕೆ ಬಂತು!” ವಿಲ್ಲಿ ತಮ್ಮ ಮಾತಿಗೆ ತಾವೇ ನಕ್ಕು, ನಗು ಮುಗಿಯುವ ಮೊದಲೇ ವ್ಯವಹಾರಕ್ಕೆ ಬಂದರು. “ಜನವರಿಯಲ್ಲಿ ನಮ್ಮ ಎಲೇನಳ ಮದುವೆ. ಎಂಸಿ ನೀನೇ, ಆಯ್ತಾ. ಬೇರೆಯವರನ್ನು ಕೇಳ್ಲಿಕ್ಕೆ ಹೋಗ್ಲಿಲ್ಲ ನಾನು. ಮಾತು ಹೋಗುವುದಾದ್ರೆ ಕೇಳ್ಬೇಕಿತ್ತು, ಇನ್ನು ಯಾಕೆ?”

ಲೆಸ್ಟರ್ ಆಯ್ತು ಎಂದ. ಆಯ್ತು ಎನ್ನುವುದು ಅವನಿಗೆ ಕೆಮ್ಮಿನಷ್ಟು ಸಲೀಸಾಗಿ ಬರುತ್ತಿತ್ತು. ವಿಲ್ಲಿ ಹೋದ ಮೇಲೆ ಕೇಕಿನ ಅಂಗಡಿಯ ಗಾಜಿನಲ್ಲಿ ತನ್ನ ತಲೆಯನ್ನು ನೋಡಿಕೊಂಡ: ನಡುವೆ ತೆಳುವಾದ ಕೂದಲು, ಎಡಗಿವಿಯ ಮೇಲೆ ಏನೂ ಇಲ್ಲದ ಹಾಗೆ ನಯವಾದ ಚರ್ಮ. ಒಳಗಿನ ಚಿತ್ರ ಈಗ ಯಾರ ಯಾರ ಫೋನಿನಲ್ಲಿ, ಗುಲಾಬಿ ಹೂವಿನ ಸ್ಟಿಕರುಗಳ ನಡುವೆ, ಕೈಮುಗಿದ ಗೊಂಬೆಗಳ ನಡುವೆ ಇದೆಯೋ. ಬೂದು ಬಣ್ಣದ ತಲೆ, ಅದರ ಬಲಭಾಗದಲ್ಲಿ ಕಿತ್ತಳೆ ಬಣ್ಣದ ಒಂದು ಮಚ್ಚೆ. ತಾಯಿ ವಿನಿಫ್ರೆಡ್ ಕನ್ನಡಕ ಹಾಕಿಕೊಂಡು ಅದನ್ನು ನೋಡಿ, ನೋಡುತ್ತಲೇ ಶಿಲುಬೆಯ ಗುರುತು ಮಾಡಿಕೊಂಡಿದ್ದಳು.

ವಾರದ ದಿನಗಳಲ್ಲಿ ಹೈಸ್ಕೂಲಿನ ಗಣಿತದ ಮಾಸ್ಟ್ರಾಗಿದ್ದ ಲೆಸ್ಟರ್ ರಜೆಯ ದಿನಗಳಲ್ಲಿ ಮದುವೆ ಹಾಲುಗಳಲ್ಲಿ ಮೈಕು ಹಿಡಿದು ಮದುವೆ ನಡೆಸಿಕೊಡುವ ಎಂಸಿ. ಮದುವೆ ನಡೆಸುವವರು ಪಾದ್ರಿಯೆಂದು ಜನ ತಿಳಿದಿರುತ್ತಾರೆ. ಅದು ಇಗರ್ಜಿಯ ಒಳಗಿನ ಮಾತು. ಹಾಲಿನಲ್ಲಿ ಮದುಮಗಳ ಗೌನು ಬಾಗಿಲಿಗೆ ಸಿಕ್ಕಿಕೊಂಡಾಗ, ಕರೆಂಟು ಹೋದಾಗ, ಬ್ಯಾಂಡಿನವರು ಚಾ ಕುಡಿಯಲು ಹೋಗಿ ಬಾರದೆ ಇದ್ದಾಗ, ಆ ಖಾಲಿಯನ್ನು ತುಂಬಿಸುವವನು ಎಂಸಿ. ಲೆಸ್ಟರ್ ಅದರಲ್ಲಿ ಹೆಸರುವಾಸಿ. ಅವನ ಮದುವೆಗಳಲ್ಲಿ ಮೌನವೇ ಇರುವುದಿಲ್ಲ ಎಂದು ಹೊಗಳುತ್ತಿದ್ದರು. ಡ್ಯಾಫ್ನಿ ಅದೇ ಮಾತನ್ನು ಬೇರೆ ಸ್ವರದಲ್ಲಿ ಹೇಳುತ್ತಿದ್ದಳು. ಮೇ ತಿಂಗಳ ಒಂದು ಮದುವೆಯಲ್ಲಿ ಟೋಸ್ಟ್ ಎತ್ತುವಾಗ, ಕೈಯಲ್ಲಿ ವೈನಿನ ಗ್ಲಾಸು ಹಿಡಿದು, ಈಗ ಎಲ್ಲರೂ ಎದ್ದು ನಿಂತು ವಧುವಿಗಾಗಿ ಎಂದು ಶುರುಮಾಡಿ ವಧುವಿನ ಹೆಸರಿಗೆ ಬಾಯಿ ತೆರೆದ. ಹೆಸರು ಬರಲಿಲ್ಲ. ಹೆಸರು ಮರೆತದ್ದಲ್ಲ, ರೇಚಲ್ ಎಂಬುದು ಅವನಿಗೆ ಕಾಣುತ್ತಿತ್ತು, ಹಿಂದಿನ ಬ್ಯಾನರಿನಲ್ಲೂ ಕಾಣುತ್ತಿತ್ತು. ಅದನ್ನು ಬಾಯಿಗೆ ತರುವ ದಾರಿ ಮಾತ್ರ ಎಲ್ಲೋ ಮುಚ್ಚಿಹೋಗಿತ್ತು. ಇನ್ನೂರು ಮುನ್ನೂರು ಜನ ಗ್ಲಾಸು ಎತ್ತಿ ನಿಂತಿದ್ದರು. ಎತ್ತಿದ ಕೈಗಳು ಮೆಲ್ಲಗೆ ನಡುಗತೊಡಗಿದ್ದನ್ನು, ಮಸ್ಕತ್ತಿನಿಂದ ಬಂದ ಒಬ್ಬರು ಕಾಯಲಾರದೆ ಕುಡಿದುಬಿಟ್ಟದ್ದನ್ನು ಅವನು ನೋಡುತ್ತ ನಿಂತ. ಆಮೇಲೆ ಒಬ್ಬ ನಕ್ಕ, ಹಾಲಿಡೀ ನಕ್ಕಿತು, ಚಪ್ಪಾಳೆ ಬಿತ್ತು. ಲೆಸ್ಟರನ ಹೊಸ ಜೋಕು ಎಂದುಕೊಂಡಿದ್ದರು. ಗಡ್ಡೆ ಇದೆ ಎಂದು ಡಾಕ್ಟರು ಹೇಳಿದ ದಿನವೂ ಅವನಿಗೆ ಮೊದಲು ನೆನಪಾದದ್ದು ಆ ಚಪ್ಪಾಳೆ.

ಕೇಕಿನ ಅಂಗಡಿಯವನು ಒಳಗಿಂದಲೇ ಎಂತ ಬೇಕು ಎಂಬಂತೆ ಹುಬ್ಬು ಹಾರಿಸಿದ. ಲೆಸ್ಟರ್ ಏನೂ ಬೇಡ ಎಂದು ತಲೆಯಾಡಿಸಿ ಆಸ್ಪತ್ರೆಯ ರಸ್ತೆ ಹಿಡಿದ. ಹೇಳಬೇಕು. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು, ಅದನ್ನು ಸರ್ಜನ್ ವಿಭವ ಉಪಾಧ್ಯಾಯರು ಮೊದಲ ದಿನವೇ, ಹವಾಮಾನ ಹೇಳುವವರ ಹಾಗೆ ಹೇಳಿದ್ದರು: ಮಾತಿನ ಜಾಗ ಗಡ್ಡೆಗೆ ಹತ್ತಿರ ಇದ್ದರೆ ಎಚ್ಚರದಲ್ಲೇ ಇಟ್ಟು ಆಪರೇಶನ್, ತಲೆ ತೆರೆದು, ಎಬ್ಬಿಸಿ, ಮಾತಾಡಿಸುತ್ತ, ಎಲ್ಲಿ ಮುಟ್ಟಿದಾಗ ಮಾತು ನಿಲ್ಲುತ್ತದೋ ಅಲ್ಲಿ ಕತ್ತರಿಸದೆ ಬಿಡುವುದು. “ನೋವಾಗುದಿಲ್ಲ ಮಾಸ್ಟ್ರೇ, ಮೆದುಳಿಗೆ ನೋವು ಅಂತ ಇಲ್ಲ.” ಆ ರಾತ್ರಿ ಲೆಸ್ಟರನಿಗೆ ನಿದ್ದೆ ಹತ್ತಲಿಲ್ಲ. ಆದ್ದರಿಂದ ಬಲಗಡೆ ಎಂದು ತಿಳಿದಾಗ ಅವನು ಅಲ್ಲೇ ಕುರ್ಚಿಯಲ್ಲಿ ಅತ್ತ. ಅಳುತ್ತಿದ್ದಾಗಲೇ, ಚಿತ್ರ ತೆಗೆದ ಡಾಕ್ಟರ್ ಭಾರ್ಗವಿ ಅದು ಹೇಗೆಂದು ವಿವರಿಸತೊಡಗಿದರು. ಆ ವಿವರಣೆ ಬೇಡವಾಗಿತ್ತು. ವಿವರಿಸದಿದ್ದರೆ ಅವನು ಇವತ್ತು ಕೇಕು ತೆಗೆದುಕೊಂಡು ಮನೆಗೆ ಹೋಗುತ್ತಿದ್ದ.

“ಮಾತು ನಮಗೆ ಕಾಣುದಿಲ್ಲ ಮಾಸ್ಟ್ರೇ, ರಕ್ತ ಕಾಣುದು,” ಎಂದಿದ್ದರು ಭಾರ್ಗವಿ. ಮೆದುಳಿನ ಒಂದು ಜಾಗ ಕೆಲಸ ಮಾಡಿದರೆ ಸ್ವಲ್ಪ ತಡವಾಗಿ ಅಲ್ಲಿಗೆ ರಕ್ತ ಓಡುತ್ತದೆ, ಬೇಕಾದದ್ದಕ್ಕಿಂತ ಹೆಚ್ಚೇ ಓಡುತ್ತದೆ. ಮಶೀನು ಹಿಡಿಯುವುದು ಆ ಹೆಚ್ಚಾದ ರಕ್ತವನ್ನು. ಲೆಸ್ಟರ್ ಮದುವೆಯ ಊಟದ ಹಾಲನ್ನು ನೆನೆದುಕೊಂಡ: ತಟ್ಟೆ ಖಾಲಿಯಾದ ಮೇಜಿನ ಕಡೆಗೆ ಬಡಿಸುವವರು ಒಟ್ಟಿಗೇ ನುಗ್ಗುತ್ತಾರೆ, ಸ್ವಲ್ಪ ತಡವಾಗಿ, ಬೇಡವೆಂದರೂ ಬಿಡದೆ. ಮಾಳಿಗೆಯ ಮೇಲಿಂದ ಬಡಿಸುವವರನ್ನಷ್ಟೇ ನೋಡಿ ಉಣ್ಣುವವರು ಎಲ್ಲಿ ಕೂತಿದ್ದಾರೆಂದು ಹೇಳಬಹುದು. ಅಲ್ಲಿಯ ವರೆಗೆ ಚೆನ್ನಾಗಿಯೇ ಇತ್ತು. “ಆದ್ರೆ ರಕ್ತ ಎಲ್ಲ ಕಡೆ ಯಾವಾಗ್ಲೂ ಓಡ್ತಾ ಇರ್ತದಲ್ಲ. ಹಾಗಾಗಿ ನೀವು ಶಬ್ದ ಯೋಚಿಸುವಾಗಿನ ಚಿತ್ರದಿಂದ ನೀವು ಸುಮ್ಮನೆ ಇರುವಾಗಿನ ಚಿತ್ರವನ್ನು ಕಳೆಯುದು. ಉಳಿದದ್ದಕ್ಕೆ ಬಣ್ಣ ಹಚ್ಚುದು. ಕಳೆಯುವ ಲೆಕ್ಕ, ಅಷ್ಟೇ.”

ಕಳೆಯುವ ಲೆಕ್ಕ ಎಂದ ಕ್ಷಣವೇ ಗಣಿತದ ಮಾಸ್ಟ್ರ ಅಳು ನಿಂತಿತು. ಕಳೆಯಬೇಕಾದ ಸಂಖ್ಯೆ ತಪ್ಪಿದ್ದರೆ ಉತ್ತರವನ್ನು ಎಷ್ಟು ಚಂದದ ಬಣ್ಣದಲ್ಲಿ ಬರೆದರೂ ಅವನು ಅದಕ್ಕೆ ಮಾರ್ಕು ಕೊಟ್ಟವನಲ್ಲ. ತಾನು ಸುಮ್ಮನೆ ಇರಬೇಕಾದಾಗ ಸುಮ್ಮನೆ ಇರಲಿಲ್ಲ. ಆದರೂ ಅಲ್ಲಿ ಬಾಯಿಬಿಡಲಿಲ್ಲ. ಡಾಕ್ಟರ್ ಭಾರ್ಗವಿಗೆ ಒಳಗೊಳಗೇ ಒಂದು ಅನುಮಾನ ಇದ್ದಿರಬೇಕು, ನೀವು ಎಡಚರಾ ಎಂದು ಕೇಳಿದ್ದರು. ಚಿಕ್ಕಂದಿನಲ್ಲಿ ಹೌದು ಎಂದು ತಾಯಿ ವಿನಿಫ್ರೆಡ್ ಕೂತಲ್ಲಿಂದಲೇ ಉತ್ತರ ಕೊಟ್ಟಳು; ಎಡಗೈಯಲ್ಲಿ ಶಿಲುಬೆಯ ಗುರುತು ಮಾಡುತ್ತಿದ್ದ, ನಾನೇ ಬಿಡಿಸಿದ್ದು. ಹಾಗಾದ್ರೆ ಆಗಬಹುದು ಎಂದು ಡಾಕ್ಟರ್ ಒಪ್ಪಿಕೊಂಡರು. ಬಲಗಡೆ ಒಳ್ಳೆಯ ಕಡೆಯೇ ಎಂದು ತಾಯಿ ಕೊಂಕಣಿಯಲ್ಲಿ ಸೇರಿಸಿದಳು. ಎಲ್ಲರಿಗೂ ಎಲ್ಲವೂ ಸರಿಹೋಯಿತು. ಸರಿಹೋದದ್ದನ್ನು ಮುರಿಯಲು ಅವನಲ್ಲಿ ಮಾತಿರಲಿಲ್ಲ. ಆ ಮಾತೇ ಬಲಗಡೆಯೋ ಎಡಗಡೆಯೋ ಎಂಬುದು ಅಷ್ಟರಲ್ಲಿ ಅವನಿಗೂ ಗೊತ್ತಿರಲಿಲ್ಲ.

ಆವತ್ತು ಮಶೀನಿನೊಳಗೆ ನಡೆದದ್ದು ಇಷ್ಟು. ಕಣ್ಣೆದುರಿನ ಕನ್ನಡಿಯಲ್ಲಿ ಒಂದು ಅಕ್ಷರ ಕಾಣುತ್ತದೆ, ಅದರಿಂದ ಶುರುವಾಗುವ ಶಬ್ದಗಳನ್ನು ಬಾಯಿಬಿಡದೆ ಮನಸ್ಸಿನಲ್ಲೇ ಹೇಳಬೇಕು. ಆಮೇಲೆ ಅಕ್ಷರ ಹೋಗಿ ಒಂದು ಪ್ಲಸ್ ಚಿಹ್ನೆ ಬರುತ್ತದೆ, ಆಗ ಸುಮ್ಮನೆ ಅದನ್ನು ನೋಡುತ್ತಿರಬೇಕು, ಏನೂ ಯೋಚಿಸಬಾರದು. ಹೀಗೆ ಒಂದರ ಬೆನ್ನಿಗೆ ಒಂದು. ಮೊದಲ ಅಕ್ಷರ ಕ. ಕತ್ತೆ, ಕಡಲೆ, ಕನ್ನಡಿ, ಕಂಡಕ್ಟರ್, ಕರಿಮೆಣಸು ಎಂದು ಅವನು ಹುರುಪಿನಿಂದಲೇ ಹೊರಟ, ಕೇಳುವವರಿಲ್ಲದಿದ್ದರೂ ಏರಿಳಿತ ಕೊಟ್ಟು. ಪ್ಲಸ್ ಬಂತು. ಖಾಲಿ. ಮಶೀನು ತನ್ನಷ್ಟಕ್ಕೆ ಡಗ್ ಡಗ್ ಡಗ್ ಡಗ್ ಎಂದು ಬಡಿಯುತ್ತಿತ್ತು. ಆ ಬಡಿತದೊಳಗೆ ಸ್ವಲ್ಪ ಹೊತ್ತಿನಲ್ಲೇ ತಾಯಿಯ ಸ್ವರ ಕೇಳಿಸಿತು. ಅವರ ಮನೆಯಲ್ಲಿ ಸಂಜೆ ತೇರ್ಸ್, ಜಪಮಾಲೆಯ ಪ್ರಾರ್ಥನೆ, ಯಾರು ಸತ್ತರೂ ಹುಟ್ಟಿದರೂ ತಪ್ಪಿದ್ದಿಲ್ಲ. ‘ನಮಾನ್ ಮರಿಯೆ’ಯ ಮೊದಲರ್ಧ ತಾಯಿಯದು, ಉಳಿದರ್ಧ ಮನೆಯವರೆಲ್ಲರದು. ಮೊದಲರ್ಧ ಕೇಳಿದ ಮೇಲೆ ಉಳಿದರ್ಧ ಹೇಳದೆ ಇರಬಾರದು. ನಿದ್ದೆಗಣ್ಣಿನಲ್ಲಿ ಹೇಳಬಹುದು, ಮೀನಿನ ಸಾರು ನೆನೆಯುತ್ತ ಹೇಳಬಹುದು, ಹೇಳದೆ ಇರುವಂತಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಸುಮ್ಮನಿದ್ದಾಗ ತಾಯಿ ತಿರುಗಿ ನೋಡದೆ, ಮಣಿ ಸರಿಸದೆ, ಅವನ ಸ್ವರ ಬರುವ ತನಕ ಎಲ್ಲರನ್ನೂ ಮೊಣಕಾಲಿನಲ್ಲೇ ಕೂರಿಸಿದ್ದಳು. ಮಶೀನು ಮೊದಲರ್ಧ ಹೇಳಿತು, ಲೆಸ್ಟರ್ ಉಳಿದರ್ಧ ಹೇಳಿದ. ಮತ್ತೆ ಹೇಳಿತು, ಮತ್ತೆ ಹೇಳಿದ. ತಪ್ಪೆಂದು ತಿಳಿದಿತ್ತು, ತಿಳಿದಿದ್ದೂ ಪ್ಲಸ್ ಬಂದಾಗಲೆಲ್ಲ ಹೇಳಿದ, ಹೆದರಿಕೆ ಕಡಮೆಯಾಗುತ್ತಿತ್ತು. ಅದರ ದಣಿವಿಗೆ ಅಕ್ಷರ ಬಂದಾಗ ಶಬ್ದಗಳೇ ಹೊಳೆಯಲಿಲ್ಲ. ಗ ಎಂದರೆ ಗಂಟೆ, ಗಾಳಿ, ಗೂಬೆ, ಮತ್ತೆ ಗಂಟೆ. ಹೀಗೆ ಕೆಲಸದ ಹೊತ್ತಿನಲ್ಲಿ ವಿಶ್ರಾಂತಿ, ವಿಶ್ರಾಂತಿಯ ಹೊತ್ತಿನಲ್ಲಿ ಕೆಲಸ, ಕೆಲವು ಕಚೇರಿಗಳಲ್ಲಿ ನಡೆಯುವ ಹಾಗೆ, ಅವನ ತಲೆಯೊಳಗೂ ನಡೆದುಹೋಯಿತು. ಮೇಡಮ್ಮು ಒಂದನ್ನು ಇನ್ನೊಂದರಿಂದ ಕಳೆದರು. ಎರಡು ಹೊತ್ತಿನಲ್ಲೂ ಮಾತು ನಡೆದಿದ್ದರಿಂದ ಎಡಗಡೆಯದ್ದು ಎಡಗಡೆಯದ್ದರಲ್ಲಿ ಹೋಗಿ ಸೊನ್ನೆಯಾಯಿತು. ಬಲಗಡೆ ಏನೋ ಚಿಲ್ಲರೆ ಉಳಿಯಿತು. ಆ ಚಿಲ್ಲರೆಗೆ ಆದಿತ್ಯವಾರ ಕೃತಜ್ಞತೆ.

ಸ್ಕ್ಯಾನಿಂಗ್ ವಿಭಾಗದ ಬಾಗಿಲಲ್ಲಿ ಮೋಹನದಾಸ್ ಎಂಬ ಅಟೆಂಡರ್ ಕೂತಿದ್ದ. ಲೆಸ್ಟರನನ್ನು ನೋಡಿದವನೇ, “ಎಂತ ಮಾಸ್ಟ್ರೇ, ನಿಮ್ಮದು ಎಲ್ಲ ಒಳ್ಳೇದೇ ಬಂತಲ್ಲ? ಪುನಃ ಎಂತಕ್ಕೆ?” ಎಂದ.

“ಭಾರ್ಗವಿ ಮೇಡಮ್ಮನ್ನು ನೋಡ್ಬೇಕಿತ್ತು.”

“ಸ್ವೀಟ್ ತಂದದ್ದಾದ್ರೆ ನನ್ನ ಹತ್ರ ಕೊಡಿ. ಅವರಿಗೆ ಶುಗರ್ ಉಂಟು.”

ಸ್ವೀಟ್ ಇಲ್ಲ ಎಂದಾಗ ಮೋಹನದಾಸನ ಮುಖ ಸ್ವಲ್ಪ ಬಿದ್ದಿತು, ಹಾಗಾದ್ರೆ ಕೂತ್ಕೊಳ್ಳಿ ಎಂದ. ಲೆಸ್ಟರ್ ಕೂತ. ಗೋಡೆಯ ಆಚೆ ಮಶೀನು ಬಡಿಯುತ್ತಿತ್ತು, ಯಾರದ್ದೋ ತಲೆಗೆ, ಯಾರದ್ದೋ ಮೊಣಕಾಲಿಗೆ. ಮಾತನ್ನು ಹೇಗೆ ಶುರುಮಾಡುವುದು ಎಂದು ಅವನು ಹೊಂದಿಸಿಕೊಂಡ. ಮೊದಲು ಒಂದು ಸಣ್ಣ ತಮಾಷೆ, ಆಮೇಲೆ ವಿಷಯ. ತಮಾಷೆ ಹೊಳೆಯಿತು ಕೂಡ, ಚೆನ್ನಾಗಿಯೂ ಇತ್ತು. ಹೊಳೆದದ್ದನ್ನು ಅಲ್ಲೇ ಬಿಟ್ಟುಬಿಟ್ಟ. ಇವತ್ತು ಅದು ಬೇಡ. ಎದುರಿಗೆ ಕೂತ ಒಬ್ಬಳು ಮುದುಕಿ ಅವನನ್ನೇ ನೋಡುತ್ತಿದ್ದಳು. ಗುರುತು ಹಿಡಿದಳೋ, ಯಾವ ಮದುವೆಯಲ್ಲಿ ಕಂಡಿದ್ದಳೋ. ಅವಳು ಮಾತಾಡಿಸಿದರೆ ಎದ್ದುಹೋಗುವ ಸುಲಭದ ದಾರಿಯೊಂದು ತೆರೆಯುತ್ತಿತ್ತು. ಅವಳು ಮಾತಾಡಿಸಲಿಲ್ಲ, ಅವನು ಏಳಲೂ ಇಲ್ಲ.

ಡಾಕ್ಟರ್ ಭಾರ್ಗವಿ ಕೈಯಲ್ಲಿ ಸ್ಟೀಲಿನ ಲೋಟ ಹಿಡಿದು ಬಂದರು. “ಬನ್ನಿ ಮಾಸ್ಟ್ರೇ. ಎಂತ, ಪುನಃ ಮಂಡೆಬಿಸಿಯಾ?”

“ಮೇಡಂ, ಆ ಚಿತ್ರ ಸರಿ ಇಲ್ಲ.”

“ಯಾರು ಹೇಳಿದ್ದು?”

“ನಾನು.”

ಅವರು ಲೋಟ ಕೆಳಗಿಟ್ಟರು. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬರುವವರನ್ನು ದಿನವೂ ನೋಡುವ ಮುಖ ಅದು. “ನೀವು ಎಂತ ಓದಿದ್ದೀರಿ ನನಗೆ ಗೊತ್ತಿಲ್ಲ, ಆದ್ರೆ...”

“ಓದ್ಲಿಲ್ಲ. ಪ್ಲಸ್ ಬಂದಾಗ ಸುಮ್ಮನೆ ಇರ್ಬೇಕು ಅಂದಿದ್ರಿ. ನಾನು ಸುಮ್ಮನೆ ಇರ್ಲಿಲ್ಲ. ತೇರ್ಸ್ ಹೇಳ್ತಾ ಇದ್ದೆ. ಮನಸ್ಸಿನಲ್ಲಿ. ಪ್ರತಿ ಸಲ. ನೀವು ಕಳೆದದ್ದು ಖಾಲಿಯನ್ನು ಅಲ್ಲ, ಅದನ್ನು.”

ಅವರು ಕುರ್ಚಿ ಎಳೆದು ಕೂತರು. ಆಮೇಲೆ ಒಮ್ಮೆಲೇ, “ಅಯ್ಯೋ, ಶಿಲುಬೆ ಅಂತ ಕಂಡಿತಾ ನಿಮಗೆ?” ಎಂದರು. “ಅದು ಬರೀ ಗುರುತು ಮಾರಾಯ್ರೇ! ನಿಮ್ಮವರಿಗೆ ಬೇರೆ ಎಂತಾದ್ರೂ ಇಡ್ಬೇಕಿತ್ತು, ಒಂದು ಚುಕ್ಕೆ...”

“ನಾನು ಗಣಿತದ ಮಾಸ್ಟ್ರು, ಮೇಡಂ. ಪ್ಲಸ್ ಅಂತ ಗೊತ್ತಿತ್ತು. ಚುಕ್ಕೆ ಇಟ್ಟಿದ್ರೂ ಹೇಳ್ತಿದ್ದೆ.” ತನ್ನ ಸ್ವರ ಇಷ್ಟು ಗಟ್ಟಿಯಿರುವುದು ಅವನಿಗೇ ಹೊಸದು. ತಪ್ಪನ್ನು ಧರ್ಮದ ಹೆಗಲಿಗೆ ಜಾರಿಸಲು ಮೇಡಮ್ಮು ಒಳ್ಳೆಯ ಮನಸ್ಸಿನಿಂದಲೇ ಒಂದು ಹಲಗೆ ಹಾಕಿಕೊಟ್ಟಿದ್ದರು. ಅದರ ಮೇಲೆ ಕಾಲಿಡಲು ಅವನಿಗೆ ಮನಸ್ಸಾಗಲಿಲ್ಲ. “ಖಾಲಿ ಇರ್ಲಿಕ್ಕೆ ನನಗೆ ಬರುದಿಲ್ಲ. ಅಷ್ಟೇ.”

ಭಾರ್ಗವಿ ಕಂಪ್ಯೂಟರಿನಲ್ಲಿ ಅವನ ತಲೆಯನ್ನು ತೆರೆದರು. ಬೂದು ಬಣ್ಣದ ಅವನ ತಲೆ ತಿರುಗಿತು, ಮೇಲಿಂದ, ಬದಿಯಿಂದ, ಕಿತ್ತಳೆ ಮಚ್ಚೆ ಮುಂದೆ ಬಂದು ಹಿಂದೆ ಹೋಯಿತು. “ಎರಡು ದಿನ ಯಾಕೆ ಹೇಳ್ಲಿಲ್ಲ?” ಎಂದು ಪರದೆಯನ್ನೇ ನೋಡುತ್ತ ಕೇಳಿದರು. ಸಿಟ್ಟಿತ್ತು, ಸಿಟ್ಟಿನ ಅಡಿಯಲ್ಲಿ ಬೇರೆಯದೂ ಇತ್ತು. ಆ ರಿಪೋರ್ಟಿನ ಕೆಳಗೆ ಸಹಿ ಹಾಕಿದವರು ಅವರು.

“ಎಚ್ಚರದಲ್ಲಿ ಮಾಡ್ತಾರೆ ಅಂತ ಹೆದರಿಕೆ.”

“ಈಗ ಹೆದರಿಕೆ ಹೋಯ್ತಾ?”

“ಇಲ್ಲ.”

ಅವರು ತಿರುಗಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ. ಒಬ್ಬ ಪೇಷೆಂಟ್ ಮಶೀನಿನ ಬಾಯಿ ನೋಡಿ ಹೆದರಿ ಈಗಷ್ಟೇ ಎದ್ದುಹೋದ, ಆ ಹೊತ್ತು ಖಾಲಿ ಉಂಟು, ಮಲಗ್ತೀರಾ ಎಂದು ಕೇಳಿದರು. ಕಿಸೆಯ ನಾಣ್ಯ, ವಾಚು, ಕೊರಳಿನ ಬೆಳ್ಳಿಯ ಸರ ಎಲ್ಲ ತೆಗೆದು ಮೋಹನದಾಸನ ಟ್ರೇಯಲ್ಲಿಟ್ಟು, ಲೆಸ್ಟರ್ ಒಳಗೆ ಹೋಗಿ ಮಲಗಿದ. ತಲೆಯ ಮೇಲೆ ಪಂಜರ ಬಂತು, ಕಿವಿಗೆ ಸ್ಪಂಜು ಬಂತು. “ಪ್ಲಸ್ ಬಂದಾಗ,” ಎಂದು ಭಾರ್ಗವಿಯ ಸ್ವರ ದೂರದಿಂದ ಕೇಳಿತು, “ಎಂತದೂ ಇಲ್ಲ. ಪ್ರಾರ್ಥನೆಯೂ ಇಲ್ಲ. ದೇವರು ಸ್ವಲ್ಪ ಹೊತ್ತು ಹೊರಗೆ ಕಾಯ್ತಾನೆ.”

ಅಕ್ಷರದ ಹೊತ್ತು ಕಷ್ಟವಾಗಲಿಲ್ಲ. ಮ ಎಂದಾಗ ಮಲ್ಲಿಗೆ, ಮಗ್ಗಿ, ಮಂಗ, ಮರವಾಯಿ ಎಂದು ಒಂದರ ಹಿಂದೆ ಒಂದನ್ನು ಸಾಲುಗಟ್ಟಿಸಿದ, ಏರಿಳಿತವಿಲ್ಲದೆ, ಹಾಜರಿ ಕರೆದ ಹಾಗೆ. ಪ್ಲಸ್ ಬಂತು. ಡಗ್ ಡಗ್ ಡಗ್ ಡಗ್. ಕಾದುಕೊಂಡೇ ಇದ್ದ ಹಾಗೆ ತಾಯಿಯ ಸ್ವರವೂ ಬಂತು, ಮೊದಲರ್ಧ ಹೇಳಿ, ನಿಂತಿತು. ಅವನು ಹಲ್ಲು ಕಚ್ಚಲಿಲ್ಲ, ಕಚ್ಚಿದರೆ ಚಿತ್ರ ಕದಡುತ್ತದೆ ಎಂದಿದ್ದರು. ಉತ್ತರ ಕೊಡದೆ ಬಿಟ್ಟ, ಅಷ್ಟೇ. ಪ್ರಾರ್ಥನೆಯ ಉಳಿದರ್ಧ ನಾಲಿಗೆಯ ಬುಡದ ತನಕ ಬಂದು ನಿಂತಿತ್ತು. ಅದನ್ನು ತಳ್ಳಲಿಲ್ಲ, ಕರೆಯಲೂ ಇಲ್ಲ. ತಾಯಿ ಕಾದಳು. ಮಣಿ ಸರಿಯಲಿಲ್ಲ. ನಡುಮನೆಯಲ್ಲಿ ಎಲ್ಲರೂ ಮೊಣಕಾಲಿನಲ್ಲಿ ಕೂತು ಅವನ ಕಡೆಗೆ ನೋಡದೆ ನೋಡುತ್ತಿದ್ದರು, ಸತ್ತ ತಂದೆಯೂ ಇದ್ದ. ನಾನು ಹೇಳುತ್ತಿಲ್ಲ ಎಂದು ಅಂದುಕೊಂಡ. ಅಂದುಕೊಂಡದ್ದೂ ಮಾತೇ ಆಯಿತಲ್ಲ ಎಂದು ಹೊಳೆದು ಅದನ್ನೂ ಬಿಟ್ಟ. ಬಿಟ್ಟೆ ಎಂಬುದನ್ನೂ ಬಿಡಬೇಕಾಯಿತು. ಅಕ್ಷರ ಬಂತು, ಹೋಯಿತು, ಪ್ಲಸ್ ಬಂತು. ಮತ್ತೆ ಮೊದಲರ್ಧ, ಈ ಸಲ ಸ್ವಲ್ಪ ದೂರದಿಂದ. ಮೂಗಿನ ತುದಿ ತುರಿಸಿತು. ಕಾಲು ತಣ್ಣಗಿತ್ತು. ಅಕ್ಷರ, ಪ್ಲಸ್. ಇನ್ನೊಂದು ಸಲ ಪ್ಲಸ್ ಬಂದಾಗ ಮಶೀನು ಬರೀ ಮಶೀನಾಗಿ ಬಡಿಯುತ್ತಿತ್ತು. ಯಾರೂ ಏನೂ ಹೇಳುತ್ತಿರಲಿಲ್ಲ. ಗಾಳಿಯಿಲ್ಲದ ಮಧ್ಯಾಹ್ನದ ಶಾಲಾ ಮೈದಾನದಂತೆ ಏನೋ ಒಂದು ಇತ್ತು, ಅದರಲ್ಲಿ ಅವನು ನಿಂತಿದ್ದ, ನಿಂತದ್ದಕ್ಕೆ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಹೊರಗೆ ಬಂದು ಮೋಹನದಾಸ್ ತಂದುಕೊಟ್ಟ ಚಾ ಕುಡಿಯುತ್ತ ಕಾದ. ಭಾರ್ಗವಿ ಕರೆದಾಗ ಅವರು ಹೇಳುವ ಮೊದಲೇ ಪರದೆಯ ಮೇಲೆ ಕಂಡಿತು. ಕಿತ್ತಳೆ ಎಡಗಡೆಗೆ ಬಂದಿತ್ತು. ಕಪ್ಪಗಿನ ಗಡ್ಡೆಯ ಬೇಲಿಗೆ ತಾಗಿಕೊಂಡು, ಒಂದೆರಡು ಕಡೆ ಬೇಲಿಯ ಒಳಗೇ ಕಾಲು ಚಾಚಿ ಕೂತಿತ್ತು. ಬಲಗಡೆ ಸಾಸಿವೆ ಕಾಳಿನಷ್ಟು.

“ನೀವು ಬಾರದಿದ್ರೆ ಬುಧವಾರ ಅಲ್ಲಿ ಕತ್ತರಿಸ್ತಿದ್ರು,” ಎಂದರು ಭಾರ್ಗವಿ, ಪೆನ್ನಿನ ತುದಿಯಿಂದ ಕಿತ್ತಳೆಯನ್ನು ಮುಟ್ಟಿ. ಆಮೇಲೆ ಪೆನ್ನನ್ನು ಹಿಂದಕ್ಕೆ ತೆಗೆದು, “ಇದೂ ಕೊನೆಯ ಮಾತಲ್ಲ ಮಾಸ್ಟ್ರೇ. ಗಡ್ಡೆಯ ಹತ್ರ ರಕ್ತ ಹೇಳಿದ ಹಾಗೆ ಕೇಳುದಿಲ್ಲ. ಕೊನೆಯದ್ದು ಥಿಯೇಟರಿನಲ್ಲೇ ಗೊತ್ತಾಗುದು. ನೀವು ಎಚ್ಚರ ಇದ್ದು ಹೇಳ್ಬೇಕು.” ವಿಭವ ಉಪಾಧ್ಯಾಯರಿಗೆ ಫೋನು ಹೋಯಿತು. ಈ ಕಡೆಯಿಂದ ಹೌದು, ಇಲ್ಲ, ತಪ್ಪು ನನ್ನದೇ, ನಾನು ಕೇಳ್ಬೇಕಿತ್ತು ಎಂಬುದಷ್ಟೇ ಅವನಿಗೆ ಕೇಳಿಸಿತು. ಫೋನಿಟ್ಟು, “ಬುಧವಾರವೇ. ಎಚ್ಚರದಲ್ಲಿ,” ಎಂದರು. “ಒಂದು ಕೇಳ್ಲಿಕ್ಕುಂಟು. ಅಲ್ಲಿ ನಿಮ್ಮನ್ನು ಯಾವ ಭಾಷೆಯಲ್ಲಿ ಮಾತಾಡಿಸುದು?”

“ನನಗೆ ಎಲ್ಲ ಬರ್ತದೆ.”

“ಎಲ್ಲ ಬರ್ತದೆ ಸರಿ. ಎಲ್ಲವನ್ನೂ ನೋಡ್ಲಿಕ್ಕೆ ಅಷ್ಟು ಹೊತ್ತು ತಲೆ ತೆರೆದು ಇಡ್ಲಿಕ್ಕೆ ಆಗುದಿಲ್ಲ. ಒಂದನ್ನು ಮೊದ್ಲು ಕಾಯ್ಬೇಕು. ಉಳಿದದ್ದು ಸಿಕ್ಕಿದಷ್ಟು.”

ಇಂಗ್ಲಿಷಿನಲ್ಲಿ ಅವನಿಗೆ ಮದುವೆಗಳಿದ್ದವು, ಟೋಸ್ಟುಗಳಿದ್ದವು, ಜನವರಿಯಲ್ಲಿ ವಿಲ್ಲಿಬಾಬರ ಮಗಳು ಎಲೇನಳೂ ಇದ್ದಳು. ಕನ್ನಡದಲ್ಲಿ ಶಾಲೆ ಇತ್ತು, ಮಗ್ಗಿ ಇತ್ತು, ಉಳಿದ ವರ್ಷಗಳ ಸಂಬಳ ಇತ್ತು. ತುಳುವಿನಲ್ಲಿ ಬಸ್ಸು, ಮೀನಿನ ಮಾರ್ಕೆಟ್ಟು, ಜಗಳ. ಜಗಳಕ್ಕೆ ಅದರಷ್ಟು ಚಂದದ್ದು ಬೇರೆ ಇರಲಿಲ್ಲ. ಒಂದೊಂದನ್ನೂ ಎದುರಿಗಿಟ್ಟು, ಇದು ಇಲ್ಲದೆ ನಾನು ಯಾರು ಎಂದು ಕೇಳಿಕೊಂಡ. ಒಂದೊಂದಕ್ಕೂ ಉತ್ತರ ಇತ್ತು, ಬಡವಾದರೂ ಉತ್ತರವೇ. ಒಂದಕ್ಕೆ ಮಾತ್ರ ಇರಲಿಲ್ಲ.

“ಕೊಂಕಣಿ,” ಎಂದ.

“ಮದುವೆಯ ಇಂಗ್ಲಿಷ್ ಹೋದ್ರೂ?”

“ಹೋದ್ರೂ.”

ಭಾರ್ಗವಿ ತಲೆಯಾಡಿಸಿದರು. “ಕೊಂಕಣಿಯ ಸಿಸ್ಟರುಗಳು ಬೇಕಾದಷ್ಟು ಇದ್ದಾರೆ ಇಲ್ಲಿ. ಆದ್ರೆ ನಿಮ್ಮ ಮಾತು ಗೊತ್ತಿರುವವರು ಆದ್ರೆ ಒಳ್ಳೇದು. ನಿಜವಾಗಿ ತಪ್ಪಿದ್ದು ಯಾವುದು, ನೀವು ತಪ್ಪಿದ್ದನ್ನು ಮುಚ್ಚಿಕೊಂಡದ್ದು ಯಾವುದು ಅಂತ ಹಿಡಿಯುವವರು. ಥಿಯೇಟರಿನ ಒಳಗೆ ಹೆದರ್ಬಾರ್ದು ಕೂಡ.”

ಅಂಥವರು ಒಬ್ಬರೇ ಇದ್ದರು. ಕುವೈಟಿನ ಆಪರೇಶನ್ ಥಿಯೇಟರುಗಳಲ್ಲಿ ನರ್ಸಾಗಿ ಪ್ರಾಯ ಕಳೆದು ಬಂದವಳು, ಅವನ ಜೋಕುಗಳಿಗೆ ಇಡೀ ಹಾಲು ನಗುವಾಗ ತಟ್ಟೆಯ ಕಡೆ ನೋಡುತ್ತ ಕೂತಿರುವವಳು. ಆಸ್ಪತ್ರೆಯ ಮೆಟ್ಟಿಲಿನಲ್ಲಿ ನಿಂತು ಫೋನು ತೆಗೆದರೆ ಅವಳದೇ ಕರೆ ಬರುತ್ತಿತ್ತು.

“ಎಲ್ಲಿದ್ದೀ ಲೆಸ್ಟರ್? ಅಂಗಡಿಯವನಿಗೆ ಫೋನ್ ಮಾಡಿದೆ, ನೀನು ಬಂದೇ ಇಲ್ಲ ಅಂದ.”

“ಕೇಕ್ ಬೇಡ, ಡ್ಯಾಫ್ನಿ. ಆಸ್ಪತ್ರೆಯಲ್ಲಿದ್ದೇನೆ.” ಅವಳು ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. “ನನಗೆ ಏನೂ ಆಗ್ಲಿಲ್ಲ. ಮಾತು ಎಡಗಡೆಯೇ ಉಂಟು. ಆವತ್ತು ನಾನು ಸರಿಯಾಗಿ ಮಾಡ್ಲಿಲ್ಲ, ಸುಮ್ಮನೆ ಇರಬೇಕಾದಾಗ ತೇರ್ಸ್ ಹೇಳಿದೆ. ಇವತ್ತು ಪುನಃ ಮಾಡಿಸಿದೆ. ಗಡ್ಡೆಗೆ ತಾಗಿಯೇ ಉಂಟು. ಎಚ್ಚರದಲ್ಲೇ ಆಪರೇಶನ್. ಆದಿತ್ಯವಾರದ ಪೂಜೆ ಇರಲಿ, ಕೃತಜ್ಞತೆಗೆ ಅಲ್ಲ, ಬೇಡಿಕೆಗೆ ಅಂತ ಫಾದರಿಗೆ ನಾನೇ ಹೇಳ್ತೇನೆ. ಅಮ್ಮನಿಗೂ ನಾನೇ ಹೇಳ್ತೇನೆ. ನಿನ್ನ ಹತ್ತಿರ ಒಂದೇ ಕೇಳುವುದು: ಥಿಯೇಟರಿನಲ್ಲಿ ನನ್ನನ್ನು ಮಾತಾಡಿಸಲಿಕ್ಕೆ ನೀನು ಬೇಕು. ಕೊಂಕಣಿಯಲ್ಲಿ.”

ಆ ಕಡೆ ಅಡುಗೆಮನೆಯ ಕುಕ್ಕರು ಒಮ್ಮೆ ಕೂಗಿತು, ತಾಯಿ ಕೆಮ್ಮಿದಳು, ಯಾವುದೋ ಪಾತ್ರೆಯನ್ನು ಮೆಲ್ಲಗೆ ಇಟ್ಟ ಸದ್ದಾಯಿತು. ಲೆಸ್ಟರ್ ಫೋನನ್ನು ಕಿವಿಗೆ ಹಿಡಿದು ನಿಂತಿದ್ದ. ಹೆದರಬೇಡ ಎನ್ನಬಹುದಿತ್ತು, ನೋವಾಗುವುದಿಲ್ಲವಂತೆ ಎನ್ನಬಹುದಿತ್ತು, ನಗಿಸಲೂಬಹುದಿತ್ತು. ಎದುರಿನ ರಸ್ತೆಯಲ್ಲಿ ಒಂದು ಬಸ್ಸು ನಿಂತು, ಜನರನ್ನು ಇಳಿಸಿ, ಹತ್ತಿಸಿಕೊಂಡು ಹೋಯಿತು. ಅವನು ಕಾದ.

“ಥಿಯೇಟರಿನ ಚಪ್ಪಲಿ ಅಲ್ಲೇ ಕೊಡ್ತಾರಾ ಕೇಳು,” ಎಂದಳು ಡ್ಯಾಫ್ನಿ. “ಅವರದ್ದು ಯಾವಾಗ್ಲೂ ದೊಡ್ಡದಾಗ್ತದೆ ನನಗೆ. ಕುವೈಟಿನದ್ದು ಅಟ್ಟದಲ್ಲಿ ಉಂಟು. ಇವತ್ತೇ ತೊಳೆದು ಹಾಕ್ತೇನೆ.”